ಹೋಮ್ ಥಿಯೇಟರ್: ಎಷ್ಟು ವಾಟ್ ಬೇಕು, ಎಂಥ ವೈರ್ ಬೇಕು?

ಹಬ್ಬದ ಸೇಲ್ ಹತ್ತಿರ ಬಂದರೆ ಸಾಕು, ಫ್ಯಾಮಿಲಿ ಗ್ರೂಪುಗಳಲ್ಲಿ ಹೋಮ್ ಥಿಯೇಟರ್ ಬಗ್ಗೆ ತರಹೇವಾರಿ ಸಲಹೆಗಳು ಓಡಾಡತೊಡಗುತ್ತವೆ. ವಾಟ್ ಜಾಸ್ತಿ ಇದ್ದಷ್ಟೂ ಸೌಂಡ್ ಚೆನ್ನಾಗಿರುತ್ತದಂತೆ. ಸ್ಪೀಕರ್‌ಗಿಂತ ದೊಡ್ಡ ಆಂಪ್ಲಿಫೈಯರ್ ಹಾಕಿದರೆ ಸ್ಪೀಕರ್ ಸುಟ್ಟುಹೋಗುತ್ತದಂತೆ. ಚಿನ್ನದ ಲೇಪದ ಕೇಬಲ್ ಹಾಕಿದರೆ ದನಿ ಇಂಪಾಗುತ್ತದಂತೆ. ಎಡ-ಬಲ ಸ್ಪೀಕರ್‌ಗಳ ವೈರ್ ಒಂದೇ ಉದ್ದ ಇರಲೇಬೇಕಂತೆ. ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತಿದ್ದರೆ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಿಬಿಡಬೇಕಂತೆ.

ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಕೊನೆಯದಂತೂ ಜೀವ ತೆಗೆಯುವ ಸಲಹೆ. ಒಂದೊಂದಾಗಿ ನೋಡೋಣ. ಎಲ್ಲವನ್ನೂ ಓದುವಷ್ಟು ಹೊತ್ತಿಲ್ಲದಿದ್ದರೆ ಅರ್ಥ್ ಪಿನ್ ಬಗ್ಗೆ ಬರೆದಿರುವ ಕೊನೆಯ ಭಾಗವನ್ನಾದರೂ ಓದಿ.

5000 ವಾಟ್ ಎಲ್ಲಿಂದ ಬಂತು?

5000 ವಾಟ್, 10000 ವಾಟ್ ಎಂದು ದೊಡ್ಡಕ್ಷರದಲ್ಲಿ ಬರೆದ ಡಬ್ಬಗಳನ್ನು ನೀವೂ ನೋಡಿರುತ್ತೀರಿ. ಪಕ್ಕದಲ್ಲೇ ಸಣ್ಣದಾಗಿ ಪಿಎಂಪಿಒ ಎಂದಿರುತ್ತದೆ. ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್ ಎಂಬುದರ ಚುಟುಕು ರೂಪ ಅದು. ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿದುಹೋಗುವ ಯಾವುದೋ ಒಂದು ಕ್ಷಣದಲ್ಲಿ ಯಂತ್ರ ಎಷ್ಟು ಶಕ್ತಿ ಉಗುಳಬಹುದು ಎಂಬ ಲೆಕ್ಕ. ಅದನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಹಾಗಾಗಿ ಡಬ್ಬದ ಮೇಲೆ ಎಷ್ಟು ಸೊನ್ನೆ ಬೇಕಾದರೂ ಕೂರಿಸಬಹುದು.

ಇದು ಸಾಧ್ಯವೇ ಎಂದು ಪರೀಕ್ಷಿಸಲು ಎಂಜಿನಿಯರ್ ಆಗಬೇಕಿಲ್ಲ. ನಮ್ಮ ಮನೆಗೆ ಬರುವುದು 230 ವೋಲ್ಟ್. ಟಿವಿ ಹತ್ತಿರ ಇರುವ ಸಾಮಾನ್ಯ ಸಾಕೆಟ್ 6 ಆಂಪಿಯರ್‌ದು. ಎರಡನ್ನೂ ಗುಣಿಸಿದರೆ 1380 ವಾಟ್. ಆ ಸಾಕೆಟ್‌ನಿಂದ ನಿರಂತರವಾಗಿ ಎಳೆದುಕೊಳ್ಳಬಹುದಾದ ಗರಿಷ್ಠ ಶಕ್ತಿಯೇ ಅಷ್ಟು. 2000 ವಾಟ್‌ನ ಗೀಸರ್‌ಗೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಬೇಕು. ಹಾಗಿರುವಾಗ ಎರಡೂವರೆ ಗೀಸರ್‌ನಷ್ಟು ಶಕ್ತಿ ಮೊಬೈಲ್ ಚಾರ್ಜರ್‌ನಂಥ ತೆಳ್ಳನೆಯ ವೈರಿನಲ್ಲಿ ಬರುವುದಾದರೂ ಹೇಗೆ?

ಡಬ್ಬವನ್ನು ತಿರುಗಿಸಿ ಹಿಂಬದಿಯ ಲೇಬಲ್ ನೋಡಿ. ಅಲ್ಲಿ ‘ಪವರ್ ಕನ್ಸಂಪ್ಷನ್’ ಎಂದು ಬರೆದಿರುತ್ತದೆ. ಅದು 60 ವಾಟ್ ಇದ್ದರೆ, ಸ್ಪೀಕರ್‌ಗೆ ನಿರಂತರವಾಗಿ ಹೋಗುವ ಶಕ್ತಿ ಅದಕ್ಕಿಂತ ಕಡಿಮೆಯೇ. ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ಬರಲು ಇದೇನು ಅಕ್ಷಯ ಪಾತ್ರೆಯಲ್ಲ.

ನೀವು ಕೇಳಬೇಕಾದದ್ದು ಆರ್‌ಎಂಎಸ್ ವಾಟ್. ಯಂತ್ರ ಬಿಡುವಿಲ್ಲದೆ ಕೊಡಬಲ್ಲ ಶಕ್ತಿ ಅದು. ಈ ಸಂಖ್ಯೆಯ ಆಟ ಹೊಸದೇನಲ್ಲ, ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. ಅಮೆರಿಕದಲ್ಲಿ ಕಂಪನಿಗಳು ಬಾಯಿಗೆ ಬಂದ ವಾಟ್ ಬರೆಯುವುದು ಅತಿಯಾದಾಗ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್‌ಗಳಿಗೆಂದೇ ಒಂದು ನಿಯಮ ತಂದಿತು. ವಾಟ್ ಹೇಳುವುದಾದರೆ ಯಾವ ಓಮ್‌ಗೆ, ಯಾವ ಆವರ್ತನಗಳಲ್ಲಿ, ಎಷ್ಟು ವಿಕೃತಿಯೊಂದಿಗೆ ಎಂಬುದನ್ನೂ ಹೇಳಬೇಕು ಎಂಬುದು ಅದರ ತಿರುಳು. 2024ರಲ್ಲಿ ಅದನ್ನು ಮತ್ತೆ ತಿದ್ದಿ ಬಿಗಿಗೊಳಿಸಿದರು.

ಒಳ್ಳೆಯ ಕಂಪನಿಗಳ ಎವಿ ರಿಸೀವರ್ ಕೊಳ್ಳುವಾಗಲೂ ಇದು ನೆನಪಿರಲಿ. (ಡಿಕೋಡರ್, ಆಂಪ್ಲಿಫೈಯರ್, ಎಚ್‌ಡಿಎಂಐ ಎಲ್ಲ ಒಂದೇ ಡಬ್ಬದಲ್ಲಿದ್ದರೆ ಅದು ಎವಿ ರಿಸೀವರ್.) ‘150 ವಾಟ್, 6 ಓಮ್, 1 ಕಿಲೋಹರ್ಟ್ಸ್, ಶೇ. 10 ವಿಕೃತಿ, ಒಂದು ಚಾನೆಲ್’ ಎಂದಿದ್ದರೆ ಅದು ಉಬ್ಬಿಸಿದ ಸಂಖ್ಯೆ. ಶೇ. 10 ವಿಕೃತಿ ಅಂದರೆ ದನಿ ಒಡೆಯುತ್ತಿರುವುದು ಯಾರ ಕಿವಿಗಾದರೂ ತಿಳಿಯುತ್ತದೆ. ‘80 ವಾಟ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಶೇ. 0.08 ವಿಕೃತಿ, ಎರಡು ಚಾನೆಲ್’ ಎಂದಿದ್ದರೆ ಅದು ಪ್ರಾಮಾಣಿಕ ಸಂಖ್ಯೆ. ಎಷ್ಟೋ ಸಲ ಈ ಎರಡು ಸಾಲುಗಳೂ ಒಂದೇ ಯಂತ್ರದ ಬಗ್ಗೆಯೇ ಇರುತ್ತವೆ. ಮೊದಲನೆಯದು ಡಬ್ಬದ ಮೇಲೆ, ಎರಡನೆಯದು ಮ್ಯಾನುಯಲ್‌ನ ಕೊನೆಯ ಪುಟದಲ್ಲಿ.

ನಮ್ಮ ಹಾಲ್‌ಗೆ ಎಷ್ಟು ಸಾಕು?

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಆದರೆ ಇದೊಂದು ಗೊತ್ತಾದರೆ ಅಂಗಡಿಯವರು ಹೇಳುವ ಅರ್ಧ ಮಾತು ತಾನಾಗಿಯೇ ಬಿದ್ದುಹೋಗುತ್ತದೆ.

ಅಡುಗೆಮನೆಯಲ್ಲಿ ಒಂದು ಕುಕ್ಕರ್ ವಿಷಲ್ ಹಾಕುತ್ತಿದೆ ಅಂದುಕೊಳ್ಳಿ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಕುಕ್ಕರ್ ಜತೆಗೆ ಕೂಗಿದರೆ ಸದ್ದು ಎರಡರಷ್ಟು ಅನ್ನಿಸುವುದಿಲ್ಲ, ಸ್ವಲ್ಪ ಜೋರಾಯಿತು ಅನ್ನಿಸುತ್ತದೆ, ಅಷ್ಟೇ. ಅಳತೆಯಲ್ಲಿ ಹೇಳುವುದಾದರೆ 3 ಡೆಸಿಬೆಲ್ ಹೆಚ್ಚಾಯಿತು. ಕಿವಿಗೆ ‘ಇದು ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಕುಕ್ಕರ್ ಒಟ್ಟಿಗೆ ಕೂಗಬೇಕು. ಆಂಪ್ಲಿಫೈಯರ್ ವಾಟ್‌ಗೂ ಇದೇ ನಿಯಮ. 50 ವಾಟ್‌ನದನ್ನು ಬಿಟ್ಟು 100 ವಾಟ್‌ನದನ್ನು ತಂದರೆ ನಿಮಗೆ ಸಿಗುವುದು ಬರೀ 3 ಡೆಸಿಬೆಲ್. ಅಷ್ಟಕ್ಕೆ ಎಷ್ಟು ಹಣ ಹೆಚ್ಚು ಕೊಡುತ್ತೀರಿ ಎಂಬುದನ್ನು ಯೋಚಿಸಿ.

ಇನ್ನೊಂದು ಸಂಖ್ಯೆ ಸ್ಪೀಕರ್‌ನ ಸೆನ್ಸಿಟಿವಿಟಿ. 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. ಸಾಮಾನ್ಯ ಸ್ಪೀಕರ್‌ಗಳಲ್ಲಿ ಇದು 85ರಿಂದ 91ರವರೆಗೆ ಇರುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 12 ಅಡಿಗೆ 15 ಅಡಿ ಹಾಲ್. ಸ್ಪೀಕರ್ 88 ಡೆಸಿಬೆಲ್‌ದು. ಸೋಫಾ 3 ಮೀಟರ್ ದೂರದಲ್ಲಿದೆ. ದೂರ ಹೋದಂತೆ ಸದ್ದು ಇಳಿಯುತ್ತದೆ, ಗೋಡೆಗಳು ಒಂದಿಷ್ಟನ್ನು ಹಿಂದಕ್ಕೆ ಕಳಿಸುತ್ತವೆ. ಎಲ್ಲ ಸೇರಿ 1 ವಾಟ್‌ಗೆ ಸೋಫಾದಲ್ಲಿ ಸುಮಾರು 80 ಡೆಸಿಬೆಲ್ ಎಂದಿಟ್ಟುಕೊಳ್ಳಬಹುದು. ಮನೆಮಂದಿ ಕೂತು ಸಿನಿಮಾ ನೋಡುವಾಗಿನ ಸರಾಸರಿ ಸದ್ದು ಹೆಚ್ಚೆಂದರೆ 70 ಡೆಸಿಬೆಲ್. ಅಂದರೆ ಹೀರೋ ಮಾತಾಡುತ್ತಿರುವಾಗ ನಿಮ್ಮ ಆಂಪ್ಲಿಫೈಯರ್ ಕೊಡುತ್ತಿರುವುದು ಒಂದು ವಾಟ್‌ನ ಹತ್ತನೇ ಒಂದು ಭಾಗ! ಫೈಟ್ ಬಂತು, ಬಾಂಬ್ ಸಿಡಿಯಿತು, ಸದ್ದು 20 ಡೆಸಿಬೆಲ್ ನೆಗೆದು 90 ಆಯಿತು. ಆಗ ಬೇಕಾದದ್ದು 10 ವಾಟ್. ಇನ್ನೂ ಜೋರಾಗಿ ಕೇಳುವವರು ನೀವಾದರೆ 50 ವಾಟ್‌ಗೆ 97 ಡೆಸಿಬೆಲ್ ಸಿಗುತ್ತದೆ.

ಚಿತ್ರಮಂದಿರಗಳ ಮಾನದಂಡದಲ್ಲಿ ಮುಖ್ಯ ಸ್ಪೀಕರ್ ಒಂದೊಂದರ ಸರಾಸರಿ ಮಟ್ಟ 85 ಡೆಸಿಬೆಲ್, ಅತಿ ಜೋರಿನ ಕ್ಷಣಗಳಲ್ಲಿ 105. ಅದನ್ನೇ ಈ ಹಾಲ್‌ನಲ್ಲಿ ತರಬೇಕೆಂದರೆ ಒಂದೊಂದು ಸ್ಪೀಕರ್‌ಗೂ 300 ವಾಟ್‌ಗಿಂತ ಹೆಚ್ಚು ಬೇಕು. ಆದರೆ ಅಷ್ಟು ಸದ್ದಿನಲ್ಲಿ ಇಡೀ ಸಿನಿಮಾ ನೋಡುವ ಮನೆಗಳು ಅಪರೂಪ. ಹಾಗೆ ನೋಡಿದರೆ ಪಕ್ಕದ ಮನೆಯವರು ಸುಮ್ಮನಿರುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬುದು 2000ದ ಶಬ್ದಮಾಲಿನ್ಯ ನಿಯಮಗಳ ಮಿತಿ. ನಿಮ್ಮ ಕಿವಿಯೂ ಸುಮ್ಮನಿರುವುದಿಲ್ಲ. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ.

ಈಗ ಚೌಕಾಸಿ ಎಲ್ಲಿ ಮಾಡಬೇಕು ಎಂಬುದು ಗೊತ್ತಾಯಿತಲ್ಲ. 85 ಡೆಸಿಬೆಲ್‌ನ ಸ್ಪೀಕರ್ ಬದಲು 91 ಡೆಸಿಬೆಲ್‌ನದನ್ನು ಆರಿಸಿದರೆ ಆಂಪ್ಲಿಫೈಯರ್ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದ್ದಕ್ಕೆ ಸಮ. ಮೊದಲು ಸ್ಪೀಕರ್ ಆರಿಸಿ, ಅದಕ್ಕೆ ತಕ್ಕ ಆಂಪ್ಲಿಫೈಯರ್ ಆಮೇಲೆ. ಮಧ್ಯಮ ಗಾತ್ರದ ಹಾಲ್‌ಗೆ, 88 ಡೆಸಿಬೆಲ್ ಆಸುಪಾಸಿನ ಸ್ಪೀಕರ್‌ಗಳಿಗೆ, ಪ್ರಾಮಾಣಿಕವಾದ 50ರಿಂದ 80 ವಾಟ್ ಧಾರಾಳ. ಸಬ್‌ವೂಫರ್‌ನಲ್ಲಿ ಅದರದೇ ಆಂಪ್ಲಿಫೈಯರ್ ಇದ್ದರಂತೂ ಇನ್ನೂ ಹಗುರ. ರಿಸೀವರ್‌ನ ಸೆಟಿಂಗ್‌ನಲ್ಲಿ ಉಳಿದ ಸ್ಪೀಕರ್‌ಗಳನ್ನು ‘ಸ್ಮಾಲ್’ ಎಂದು ಗುರುತಿಸಿ, ಕ್ರಾಸ್‌ಓವರ್ 80 ಹರ್ಟ್ಸ್ ಇಟ್ಟರೆ ಹೆಚ್ಚು ಶಕ್ತಿ ಬೇಡುವ ಬೇಸ್‌ನ ಹೊಣೆ ಪೂರ್ತಿ ಸಬ್‌ವೂಫರ್‌ಗೆ ಹೋಗುತ್ತದೆ.

ದೊಡ್ಡ ಆಂಪ್ಲಿಫೈಯರ್ ಸ್ಪೀಕರ್ ಸುಡುತ್ತದೆಯೇ?

100 ವಾಟ್ ಆಂಪ್ಲಿಫೈಯರ್ ಎಂದರೆ ಸದಾ 100 ವಾಟ್ ತಳ್ಳುತ್ತಲೇ ಇರುತ್ತದೆ ಎಂದಲ್ಲ. ಮನೆಗೆ ದೊಡ್ಡ ಓವರ್‌ಹೆಡ್ ಟ್ಯಾಂಕ್ ಇದೆ ಎಂದು ನಲ್ಲಿಯಲ್ಲಿ ಪ್ರವಾಹ ಬರುವುದಿಲ್ಲವಲ್ಲ! ವಾಲ್ಯೂಮ್ ಎಷ್ಟಿದೆಯೋ ಅಷ್ಟೇ ಹೋಗುತ್ತದೆ. 60 ವಾಟ್ ಸ್ಪೀಕರ್‌ಗೆ 100 ವಾಟ್ ಆಂಪ್ಲಿಫೈಯರ್ ಹಾಕಿ ಹದವಾಗಿ ಕೇಳಿದರೆ ಏನೂ ಆಗುವುದಿಲ್ಲ.

ಸಣ್ಣ ಆಂಪ್ಲಿಫೈಯರ್ ಇಟ್ಟುಕೊಂಡು ಕಿವಿ ಹಿಂಡಿದಂತೆ ವಾಲ್ಯೂಮ್ ತಿರುಗಿಸಿದಾಗ ಸಮಸ್ಯೆ ಶುರು. ಅದರ ಶಕ್ತಿ ಮುಗಿದಾಗ ದನಿಯ ಅಲೆಯ ತಲೆ ಸಪಾಟಾಗಿ ಕತ್ತರಿಸಿಹೋಗುತ್ತದೆ. ಇದಕ್ಕೆ ಕ್ಲಿಪಿಂಗ್ ಎನ್ನುತ್ತಾರೆ. ಪೂರ್ತಿ ಕತ್ತರಿಸಿಹೋದ ಅಲೆ ಅದೇ ಎತ್ತರದ ನುಣುಪಾದ ಅಲೆಗಿಂತ ಎರಡರಷ್ಟು ಶಕ್ತಿ ಹೊತ್ತಿರುತ್ತದೆ. ಅಂದರೆ 50 ವಾಟ್‌ನ ಯಂತ್ರ ಕಿರುಚುತ್ತಾ 100 ವಾಟ್‌ವರೆಗೂ ಕೊಡಬಹುದು. ಬೇಸ್‌ನ ತಲೆ ಕತ್ತರಿಸಿದರೂ ಮೇಲಿನ ಸ್ವರಗಳು ಏರುತ್ತಲೇ ಹೋಗುವುದರಿಂದ, ಕೆಲವೇ ವಾಟ್ ತಡೆಯಬಲ್ಲ ಪುಟ್ಟ ಟ್ವೀಟರ್ ಮೊದಲು ಸಾಯುತ್ತದೆ. ದನಿ ಒಡೆದಂತೆ, ಕರಕರ ಅಂದಂತೆ ಕೇಳಿದರೆ ವಾಲ್ಯೂಮ್ ಇಳಿಸಿ. ಅದು ಯಂತ್ರದ ಬೇಡಿಕೊಳ್ಳುವಿಕೆ.

ಓಮ್ ಹೊಂದಬೇಕು, ಆದರೆ ಒಂದೇ ಆಗಬೇಕಿಲ್ಲ

ಸ್ಪೀಕರ್ ಹಿಂದೆ 8 ಓಮ್, 6 ಓಮ್, 4 ಓಮ್ ಎಂದು ಬರೆದಿರುತ್ತದೆ. ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ ಅದು. ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರ್‌ನಿಂದ ಹೆಚ್ಚು ಕರೆಂಟ್ ಎಳೆಯುತ್ತದೆ. ಹಾಗಾಗಿ ಆಂಪ್ಲಿಫೈಯರ್ ಹಿಂದೆ ‘6ರಿಂದ 16 ಓಮ್’ ಎಂದಿದ್ದರೆ 8 ಓಮ್ ಸ್ಪೀಕರ್ ನೆಮ್ಮದಿಯಾಗಿ ಹಾಕಬಹುದು. 4 ಓಮ್ ಹಾಕಿದರೆ ಅದು ಬಿಸಿಯಾಗಿ ತಾನೇ ಆಫ್ ಆಗಬಹುದು, ಕೆಟ್ಟೂ ಹೋಗಬಹುದು. ಎರಡೂ ಕಡೆ ಒಂದೇ ಸಂಖ್ಯೆ ಇರಬೇಕು ಎಂಬ ಮಾತು ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳ ಕಾಲದ್ದು. ಈಗಿನವಕ್ಕೆ ಅನ್ವಯಿಸುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ತುಂಬ ಜನ ಎಡವುತ್ತಾರೆ. ಹಳೆಯ ‘ಹೋಮ್ ಥಿಯೇಟರ್ ಸೆಟ್’ನ ಡಿವಿಡಿ ಪ್ಲೇಯರ್ ಕೆಟ್ಟಿರುತ್ತದೆ. ಸ್ಪೀಕರ್‌ಗಳು ಚೆನ್ನಾಗಿವೆಯಲ್ಲ ಎಂದು ಹೊಸ ರಿಸೀವರ್‌ಗೆ ಅವನ್ನೇ ಜೋಡಿಸುತ್ತಾರೆ. ಅಂಥ ಸೆಟ್‌ಗಳಲ್ಲಿ ಅನೇಕವು 3 ಅಥವಾ 4 ಓಮ್‌ನವು, ಆ ಯಂತ್ರಕ್ಕೆಂದೇ ಮಾಡಿದವು. ಜೋಡಿಸುವ ಮೊದಲು ಸ್ಪೀಕರ್ ಬೆನ್ನು ತಿರುಗಿಸಿ ನೋಡಿ. ಹಾಗೆಯೇ ಒಂದೇ ಟರ್ಮಿನಲ್‌ಗೆ ಎರಡು 8 ಓಮ್ ಸ್ಪೀಕರ್ ಸಿಕ್ಕಿಸಿದರೆ ಆಂಪ್ಲಿಫೈಯರ್‌ಗೆ ಅದು 4 ಓಮ್ ಆಗಿ ಕಾಣುತ್ತದೆ.

ವೈರ್‌ನ ವಿಷಯ

ಅತಿ ಹೆಚ್ಚು ಕತೆಗಳಿರುವುದು ಇಲ್ಲಿ. ಆದರೆ ವಿಜ್ಞಾನ ತೀರಾ ಸರಳ. ಸ್ಪೀಕರ್ ವೈರ್‌ನಲ್ಲಿ ಮುಖ್ಯವಾಗುವುದು ಎಷ್ಟು ದಪ್ಪ, ಎಷ್ಟು ಉದ್ದ, ಒಳಗಿರುವುದು ನಿಜವಾದ ತಾಮ್ರವೇ ಎಂಬುದಷ್ಟೇ.

ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್‌ನ ರೋಧ ಮೀಟರ್‌ಗೆ ಸುಮಾರು 0.013 ಓಮ್. ಆಂಪ್ಲಿಫೈಯರ್‌ನಿಂದ ಸ್ಪೀಕರ್ 5 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 10 ಮೀಟರ್, ಒಟ್ಟು 0.13 ಓಮ್. 8 ಓಮ್ ಸ್ಪೀಕರ್‌ನಲ್ಲಿ ಇದರಿಂದ ಆಗುವ ನಷ್ಟ 0.14 ಡೆಸಿಬೆಲ್. ಯಾವ ಕಿವಿಗೂ ತಿಳಿಯದಷ್ಟು ಕಡಿಮೆ. ಅದೇ ಅಗ್ಗದ ಸೆಟ್‌ಗಳ ಜತೆ ಕೊಡುವ, ನೂಲಿನಂತಿರುವ ಕೆಂಪು-ಕಪ್ಪು ವೈರ್ ತೆಗೆದುಕೊಳ್ಳಿ. ಅದರಲ್ಲಿ 0.2 ಸ್ಕ್ವೇರ್ ತಾಮ್ರವಿದೆ ಎಂದುಕೊಂಡರೆ, ಹಿಂದಿನ ಸ್ಪೀಕರ್‌ಗೆಂದು 10 ಮೀಟರ್ ಎಳೆದಾಗ ಹೋಗಿ ಬರುವ ರೋಧ 1.7 ಓಮ್. 4 ಓಮ್ ಸ್ಪೀಕರ್ ಇದ್ದರೆ 3 ಡೆಸಿಬೆಲ್ ಖೋತಾ. ಅಂದರೆ ಸ್ಪೀಕರ್‌ಗೆ ತಲುಪುವ ಶಕ್ತಿ ಸರಿಯಾಗಿ ಅರ್ಧ! ದುಬಾರಿ ಆಂಪ್ಲಿಫೈಯರ್ ತಂದು ಅದರ ಅರ್ಧವನ್ನು ವೈರ್‌ಗೆ ದಾನ ಮಾಡಿದಂತೆ.

ಹಾಗಾಗಿ ‘ವೈರ್ ಯಾವುದಾದರೂ ಒಂದೇ’ ಎನ್ನುವುದೂ ತಪ್ಪು. ವೈರ್‌ನ ರೋಧ ಸ್ಪೀಕರ್‌ನ ಓಮ್‌ನ ಶೇ. 5 ಮೀರದಿರಲಿ ಎಂಬುದು ಎಂಜಿನಿಯರ್‌ಗಳ ನಡುವೆ ಚಾಲ್ತಿಯಲ್ಲಿರುವ ಹದ. ಅದರ ಪ್ರಕಾರ 8 ಓಮ್ ಸ್ಪೀಕರ್‌ಗೆ 1 ಸ್ಕ್ವೇರ್ ವೈರ್ 10 ಮೀಟರ್‌ವರೆಗೆ, ಒಂದೂವರೆ ಸ್ಕ್ವೇರ್ 15 ಮೀಟರ್‌ವರೆಗೆ, ಎರಡೂವರೆ ಸ್ಕ್ವೇರ್ 25 ಮೀಟರ್‌ವರೆಗೆ ಸಾಕು. 4 ಓಮ್ ಆದರೆ ಈ ಉದ್ದಗಳನ್ನು ಅರ್ಧ ಮಾಡಿಕೊಳ್ಳಿ. ಪ್ಯಾಕೆಟ್ ಮೇಲೆ ಗೇಜ್ ಲೆಕ್ಕ ಇದ್ದರೆ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ. 16 ಗೇಜ್ ಎಂದರೆ ಸುಮಾರು 1.3 ಸ್ಕ್ವೇರ್, 14 ಗೇಜ್ ಎಂದರೆ 2.1. ಹೆಚ್ಚಿನ ಮನೆಗಳಲ್ಲಿ ಒಂದೂವರೆ ಸ್ಕ್ವೇರ್‌ಗೆ ಮಾತು ಮುಗಿಯುತ್ತದೆ. ಹೊಸ ಮನೆ ಕಟ್ಟಿಸುತ್ತಿದ್ದು ಗೋಡೆಯೊಳಗೆ ವೈರ್ ಎಳೆಸುವುದಾದರೆ ಮಾತ್ರ ಎರಡೂವರೆ ಹಾಕಿಸಿ. ಮತ್ತೆ ಗೋಡೆ ಒಡೆಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಕರೆಂಟ್ ವೈರ್ ಇರುವ ಪೈಪ್‌ನಲ್ಲೇ ಸ್ಪೀಕರ್ ವೈರ್ ತೂರಿಸಲು ಬಿಡಬೇಡಿ, ಬೇರೆ ಪೈಪ್ ಹಾಕಿಸಿ.

ಅಂಗಡಿಯಲ್ಲಿ ಗಮನಿಸಬೇಕಾದದ್ದು ಒಂದು: ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟು ಮಾರುತ್ತಾರೆ. ನೋಡಲು ತಾಮ್ರವೇ, ಆದರೆ ರೋಧ ಒಂದೂವರೆ ಪಟ್ಟಿಗಿಂತ ಹೆಚ್ಚು, ಬಗ್ಗಿಸಿದರೆ ಬೇಗ ತುಂಡಾಗುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಇದಕ್ಕೆ ತದ್ವಿರುದ್ಧವಾಗಿ ಹೊರಗೆ ಬೆಳ್ಳಗಿದ್ದು ಕೆರೆದಾಗ ಕೆಂಪಗೆ ಕಂಡರೆ ಗಾಬರಿ ಬೇಡ, ಅದು ತವರದ ಲೇಪವಿರುವ ಅಸಲಿ ತಾಮ್ರ. ಮೇಲಿನ ಪ್ಲಾಸ್ಟಿಕ್ ಬೆರಳು ಗಾತ್ರವಿದ್ದು ಒಳಗೆ ನಾಲ್ಕೇ ಎಳೆ ಇರುವ ವೈರ್‌ಗಳೂ ಉಂಟು. ತುದಿ ಸುಲಿಸಿ ನೋಡಿಯೇ ತನ್ನಿ.

ಇನ್ನು ‘ಆಕ್ಸಿಜನ್ ಫ್ರೀ ಕಾಪರ್’. ಸಾಮಾನ್ಯ ವಿದ್ಯುತ್ ತಾಮ್ರಕ್ಕೂ ಇದಕ್ಕೂ ವಾಹಕತೆಯಲ್ಲಿ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಶೇ. 1. ಬೆಳ್ಳಿ ತಾಮ್ರಕ್ಕಿಂತ ಶೇ. 6ರಷ್ಟು ಉತ್ತಮ ವಾಹಕ, ಅಷ್ಟನ್ನು ವೈರ್ ಕೂದಲೆಳೆ ದಪ್ಪ ಮಾಡಿ ಪಡೆಯಬಹುದು. ಚಿನ್ನದ್ದು ಇನ್ನೂ ತಮಾಷೆ. ಅದು ತಾಮ್ರದಷ್ಟು ಒಳ್ಳೆಯ ವಾಹಕವೇ ಅಲ್ಲ! ಅದಕ್ಕೆ ತುಕ್ಕು, ಕಿಲುಬು ಹಿಡಿಯುವುದಿಲ್ಲ ಎಂಬುದೊಂದೇ ಗುಣ. ಹಾಗಾಗಿ ಮಂಗಳೂರು, ಉಡುಪಿ, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ ಚಿನ್ನದ ಲೇಪದ ಪ್ಲಗ್‌ಗೆ ಅರ್ಥವಿದೆ. ದನಿಗೆ ಹೊಳಪು ಬರುತ್ತದೆಂದು ಅಲ್ಲ, ನಾಲ್ಕು ವರ್ಷ ಬಾಳುತ್ತದೆಂದು.

ಎಡ-ಬಲ ವೈರ್ ಸಮ ಇರಬೇಕು ಎಂಬುದನ್ನೂ ಲೆಕ್ಕ ಹಾಕಿಯೇ ನೋಡೋಣ. ವೈರ್‌ನಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಒಂದು ವೈರ್ 5 ಮೀಟರ್ ಉದ್ದವಾದರೆ ಆಗುವ ತಡ ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ 25 ಭಾಗ. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಚಲಿಸುವ ದೂರ ಒಂದು ಕೂದಲಿನ ದಪ್ಪಕ್ಕಿಂತಲೂ ಕಡಿಮೆ. ನೀವು ಸ್ಪೀಕರ್ ಕಡೆಗೆ ಒಂದೇ ಒಂದು ಸೆಂಟಿಮೀಟರ್ ಬಾಗಿದರೆ ಆಗುವ ವ್ಯತ್ಯಾಸ ಇದರ ಸಾವಿರ ಪಟ್ಟಿಗಿಂತ ಹೆಚ್ಚು. ಎಡಕ್ಕೆ 3 ಮೀಟರ್, ಬಲಕ್ಕೆ 8 ಮೀಟರ್ ಬೇಕಿದ್ದರೆ ಅಷ್ಟನ್ನೇ ಕತ್ತರಿಸಿ. ಉಳಿದದ್ದನ್ನು ಸೋಫಾ ಹಿಂದೆ ಸುತ್ತಿಡುವ ಅಗತ್ಯವಿಲ್ಲ.

‘ನಾನು ಕೇಬಲ್ ಬದಲಿಸಿದೆ, ನಿಜವಾಗಿಯೂ ಚೆನ್ನಾಗಿ ಕೇಳಿಸಿತು’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ಹೇಳುವುದಿಲ್ಲ. ಹಳೆ ವೈರ್ ಕಿತ್ತು ಹೊಸದು ಹಾಕುವಾಗ ಕಿಲುಬು ಹಿಡಿದ ತುದಿ ಹೋಗಿ, ಸಡಿಲವಾಗಿದ್ದ ಸ್ಕ್ರೂ ಬಿಗಿಯಾಗಿರುತ್ತದೆ. ಅದೂ ಒಂದು ರಿಪೇರಿಯೇ. ಮತ್ತೆ, ಹಣ ಕೊಟ್ಟ ಮೇಲೆ ಕಿವಿ ವ್ಯತ್ಯಾಸ ಹುಡುಕುತ್ತದೆ. ಅದಕ್ಕೇ ಯಾವ ವೈರ್ ಎಂದು ಹೇಳದೆ ಕೇಳಿಸುವ ಪರೀಕ್ಷೆಗಳು ಬೇಕಾಗುವುದು. 1983ರಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆಗಾಗಿ ಲಾರೆನ್ಸ್ ಗ್ರೀನ್‌ಹಿಲ್ ಇಂಥದ್ದೊಂದು ಪರೀಕ್ಷೆ ನಡೆಸಿದರು. ಸಂಗೀತ ಕೇಳಿಸಿದಾಗ ದುಬಾರಿ ದಪ್ಪ ಕೇಬಲ್‌ಗೂ ಟೇಬಲ್ ಲ್ಯಾಂಪಿನ 16 ಗೇಜ್ ವೈರ್‌ಗೂ ವ್ಯತ್ಯಾಸವನ್ನು ಕೇಳುಗರು ನೆಚ್ಚಿಕೊಳ್ಳುವಂತೆ ಗುರುತಿಸಲಿಲ್ಲ. ಸಿಕ್ಕಿಬಿದ್ದದ್ದು ತೆಳ್ಳನೆಯ 24 ಗೇಜ್ ವೈರ್. ಮೇಲಿನ ಲೆಕ್ಕ ಹೇಳುವುದೂ ಅದನ್ನೇ. 2007ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಒಂದು ಜೊತೆಗೆ 7,250 ಡಾಲರ್ ಬೆಲೆಯ ಸ್ಪೀಕರ್ ಕೇಬಲ್ ಅನ್ನು ಸಾಮಾನ್ಯ ಒಳ್ಳೆಯ ಕೇಬಲ್‌ನಿಂದ ಕೇಳಿಯೇ ಬೇರ್ಪಡಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಸವಾಲು ಹಾಕಿದ್ದರು. ಆ ಪರೀಕ್ಷೆ ಕೊನೆಗೂ ನಡೆಯಲಿಲ್ಲ.

ಖರ್ಚಿಲ್ಲದ ಒಂದು ಕೆಲಸ ಮಾಡಿ ನೋಡಿ. ಆಂಪ್ಲಿಫೈಯರ್‌ನ ಕೆಂಪು ಟರ್ಮಿನಲ್‌ನಿಂದ ಹೊರಟ ವೈರ್ ಸ್ಪೀಕರ್‌ನ ಕೆಂಪಿಗೇ ಹೋಗಿದೆಯೇ? ಒಂದು ಸ್ಪೀಕರ್‌ನಲ್ಲಿ ಅದಲುಬದಲಾಗಿದ್ದರೂ ಎರಡು ಸ್ಪೀಕರ್‌ಗಳು ಒಂದರ ವಿರುದ್ಧ ಒಂದು ಕೆಲಸ ಮಾಡಿ ಬೇಸ್ ಮಾಯವಾಗುತ್ತದೆ. ತುದಿಯ ಎಳೆಗಳು ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ತಾಗದಂತೆ ಚೆನ್ನಾಗಿ ಹುರಿಮಾಡಿ ಸಿಕ್ಕಿಸಿ. ಅವು ತಾಗಿದರೆ ಆಂಪ್ಲಿಫೈಯರ್ ಸುಡಬಹುದು.

ಎಚ್‌ಡಿಎಂಐ ಕೇಬಲ್

ಇದರಲ್ಲಿ ಹೋಗುವುದು ಅಂಕಿಗಳು. ಅಂಕಿ ಸರಿಯಾಗಿ ತಲುಪಿದರೆ ಚಿತ್ರ, ಶಬ್ದ ಪೂರ್ತಿ ಬರುತ್ತವೆ. ತಲುಪದಿದ್ದರೆ ಪರದೆಯಲ್ಲಿ ಚುಕ್ಕಿ ಮಿನುಗುತ್ತದೆ, ಕಪ್ಪಾಗುತ್ತದೆ, ಸದ್ದು ತುಂಡಾಗುತ್ತದೆ. ಬಣ್ಣ ಹೆಚ್ಚು ಗಾಢವಾಗುವುದು, ದನಿ ಹೆಚ್ಚು ಇಂಪಾಗುವುದು ಕೇಬಲ್‌ನಿಂದ ಆಗದ ಕೆಲಸ. ‘ಪ್ರೀಮಿಯಂ ಹೈ ಸ್ಪೀಡ್’ ಎಂದರೆ ಸೆಕೆಂಡಿಗೆ 18 ಗಿಗಾಬಿಟ್, ಸಾಮಾನ್ಯ 4ಕೆ ಟಿವಿಗೆ ಸಾಕು. ‘ಅಲ್ಟ್ರಾ ಹೈ ಸ್ಪೀಡ್’ ಎಂದರೆ 48 ಗಿಗಾಬಿಟ್, ಹೊಸ ಗೇಮಿಂಗ್ ಕನ್ಸೋಲ್ ಇದ್ದವರಿಗೆ. ಪ್ಯಾಕೆಟ್ ಮೇಲೆ ಸ್ಕ್ಯಾನ್ ಮಾಡಬಹುದಾದ ಪ್ರಮಾಣಪತ್ರದ ಚೀಟಿ ಇದೆಯೇ ನೋಡಿ. ಸ್ಪೀಕರ್ ವೈರ್ ಮೇಲಿನ ಬಾಣದ ಗುರುತಿಗೆ ಅರ್ಥವಿಲ್ಲ, ಅಲ್ಲಿ ವಿದ್ಯುತ್ ಎರಡೂ ಕಡೆ ಓಡುತ್ತದೆ. ಆದರೆ ಉದ್ದನೆಯ ಫೈಬರ್ ಎಚ್‌ಡಿಎಂಐ ಕೇಬಲ್‌ಗೆ ನಿಜಕ್ಕೂ ದಿಕ್ಕಿದೆ. ಯಾವ ತುದಿ ಟಿವಿಗೆ ಎಂದು ನೋಡಿಯೇ ಹಾಕಬೇಕು.

ಅರ್ಥ್ ಪಿನ್ ಕತ್ತರಿಸಬೇಡಿ

ಎಲ್ಲ ಜೋಡಿಸಿ ಆನ್ ಮಾಡಿದಾಗ ಹಾಡಿಲ್ಲದಿದ್ದರೂ ಗುಂಯ್ ಎಂಬ ಸದ್ದು. ಇದು ಎಷ್ಟೋ ಮನೆಗಳ ಅನುಭವ. ಸಾಮಾನ್ಯ ಕಾರಣ ಗ್ರೌಂಡ್ ಲೂಪ್. ಆಂಪ್ಲಿಫೈಯರ್ ಸಾಕೆಟ್ ಮೂಲಕ ಭೂಮಿಗೆ ಸೇರಿರುತ್ತದೆ, ಕೇಬಲ್ ಟಿವಿ ಅಥವಾ ಡಿಶ್‌ನಿಂದ ಬರುವ ವೈರ್ ಇನ್ನೊಂದು ಕಡೆ ಭೂಮಿಗೆ ಸೇರಿರುತ್ತದೆ. ಎರಡರ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಆಡಿಯೊ ಕೇಬಲ್‌ನ ಕವಚದಲ್ಲಿ 50 ಹರ್ಟ್ಸ್ ಕರೆಂಟ್ ಹರಿದು ಆ ಸದ್ದಾಗುತ್ತದೆ.

ಪ್ಲಗ್‌ನ ಮೂರನೇ ಪಿನ್ ಕತ್ತರಿಸಿದರೆ, ಅಥವಾ ಮೂರು ಪಿನ್ ಅನ್ನು ಎರಡು ಮಾಡುವ ಕನ್ವರ್ಟರ್ ಹಾಕಿದರೆ ಸದ್ದು ನಿಲ್ಲುವುದು ನಿಜ. ಈ ಸಲಹೆ ಇಷ್ಟು ಹರಡಿರುವುದೂ ಅದಕ್ಕೇ. ಆದರೆ ಆ ಪಿನ್ ಇರುವುದು ಬೇರೆ ಕೆಲಸಕ್ಕೆ. ನಮ್ಮ ಪ್ಲಗ್‌ಗಳಲ್ಲಿ ಅದು ಉಳಿದೆರಡಕ್ಕಿಂತ ಉದ್ದ, ದಪ್ಪ. ಸಿಕ್ಕಿಸುವಾಗ ಎಲ್ಲಕ್ಕಿಂತ ಮೊದಲು ತಾಗಲಿ, ಕೀಳುವಾಗ ಕೊನೆಗೆ ಬಿಡಲಿ ಎಂದೇ ಹಾಗೆ ಮಾಡಿದ್ದಾರೆ. ಯಂತ್ರದೊಳಗೆ ಯಾವುದೋ ವೈರ್ ಸುಲಿದು ಲೋಹದ ಮೈಗೆ ತಾಗಿತು ಅನ್ನಿ. ಅರ್ಥ್ ಇದ್ದರೆ ಭಾರೀ ಕರೆಂಟ್ ಭೂಮಿಗೆ ಹರಿದು ಕ್ಷಣದಲ್ಲಿ ಫ್ಯೂಸ್ ಹೋಗುತ್ತದೆ, ಇಲ್ಲವೇ ಎಂಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಹಾಡು ಬರುತ್ತಲೇ ಇರುತ್ತದೆ, 230 ವೋಲ್ಟ್ ಆ ಲೋಹದ ಮೈಮೇಲೆ ಕಾಯುತ್ತಾ ಕೂತಿರುತ್ತದೆ. ಎಚ್‌ಡಿಎಂಐ, ಆಡಿಯೊ ಕೇಬಲ್‌ಗಳ ಲೋಹದ ಕವಚದ ಮೂಲಕ ಅದು ಟಿವಿ, ಲ್ಯಾಪ್‌ಟಾಪ್, ಮೈಕ್‌ಗಳಿಗೂ ಹೋಗಬಲ್ಲದು. ಈಗಷ್ಟೇ ನೆಲ ಒರೆಸಿದ ಮನೆಯಲ್ಲಿ ಬರಿಗಾಲಲ್ಲಿ ಬಂದು ಕರಾಒಕೆ ಮೈಕ್ ಹಿಡಿಯುವ ಮಗುವಿನ ಕೈಯೇ ಆಗ ಭೂಮಿಗೆ ದಾರಿ.

ಕೆಲವು ಯಂತ್ರಗಳು ಕಂಪನಿಯಿಂದಲೇ ಎರಡು ಪಿನ್‌ನೊಂದಿಗೆ ಬರುತ್ತವೆ. ಅವುಗಳ ಹಿಂದೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಒಳಗೆ ಎರಡು ಪದರದ ರಕ್ಷಣೆ ಇದೆ ಎಂದರ್ಥ, ಅವಕ್ಕೆ ಅರ್ಥ್ ಬೇಕಿಲ್ಲ. ಮೂರು ಪಿನ್‌ನೊಂದಿಗೆ ಬಂದದ್ದನ್ನು ಎರಡಾಗಿಸುವುದು ಮಾತ್ರ ಕೂಡದು. ಸ್ಪೀಕರ್ ವೈರ್‌ನ ತುದಿಗೆ ಕರೆಂಟ್ ಪ್ಲಗ್ ಹಾಕುವ ರೂಢಿಯೂ ಕೆಲವೆಡೆ ಇದೆ. ಯಾರಾದರೂ ತಿಳಿಯದೆ ಅದನ್ನು ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಸದ್ದು ನಿಲ್ಲಿಸಲು ಬೇರೆ ದಾರಿಗಳಿವೆ. ಮೊದಲು ಕೇಬಲ್ ಟಿವಿ ಅಥವಾ ಡಿಶ್‌ನ ವೈರ್ ಅನ್ನು ಸೆಟ್‌ಟಾಪ್ ಬಾಕ್ಸ್‌ನಿಂದ ಬಿಚ್ಚಿ. ಗುಂಯ್ ನಿಂತರೆ ಕಳ್ಳ ಸಿಕ್ಕ. ಟಿವಿ, ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಎಲ್ಲವನ್ನೂ ಅರ್ಥ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಟಿವಿಯಿಂದ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಕೇಬಲ್ ಹಾಕಬಹುದು. ಅದರಲ್ಲಿ ಹೋಗುವುದು ಬೆಳಕು, ಲೋಹದ ಸಂಪರ್ಕವೇ ಇಲ್ಲದ್ದರಿಂದ ಆ ದಾರಿಯಲ್ಲಿ ಲೂಪ್ ಆಗುವುದಿಲ್ಲ. (ಡಾಲ್ಬಿ ಆಟ್ಮಾಸ್ ಬೇಕೆಂದರೆ ಮಾತ್ರ ಆಪ್ಟಿಕಲ್ ಸಾಲದು, ಟಿವಿಯ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಪೋರ್ಟ್ ಬಳಸಬೇಕು.) ಅದೂ ಆಗದಿದ್ದರೆ ಆಡಿಯೊ ಕೇಬಲ್ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ.

ಪಿನ್ ಈಗಾಗಲೇ ಕತ್ತರಿಸಿ ಆಗಿದ್ದರೆ ಇವತ್ತೇ ಹೊಸ ಮೂರು ಪಿನ್ ಪ್ಲಗ್ ಹಾಕಿಸಿ. ಸಾಕೆಟ್‌ನ ಮೇಲಿನ ದೊಡ್ಡ ತೂತಿಗೆ ನಿಜಕ್ಕೂ ಅರ್ಥ್ ವೈರ್ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ತೂತು ಇರುತ್ತದೆ, ವೈರ್ ಇರುವುದಿಲ್ಲ. ಅವರು ಬಂದಾಗಲೇ ಮೇನ್ ಬೋರ್ಡ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂದೂ ಕೇಳಿ. ಇದ್ದರೆ ಅದರ ಟೆಸ್ಟ್ ಬಟನ್ ಒಮ್ಮೆ ಒತ್ತಿಸಿ ನೋಡಿ. ಒತ್ತಿದ ಕೂಡಲೇ ಸ್ವಿಚ್ ಬೀಳಬೇಕು.